ಸ್ಟೀರಿಂಗ್ ಅವಳ ಕೈಯಲ್ಲಿ, ಕಡಲು ನನ್ನ ಎಡಕ್ಕೆ



ಚಳಿಗಾಲದಲ್ಲಿ ಕರಾವಳಿ ಸುತ್ತಿ ಬಂದ ಅನುಭವ ಹೇಳಿ ಅಂತ ಇವರು ಕೇಳಿದಾಗ ನಾನು ಮೊದಲು ಬೇಡ ಅಂದೆ. ಎಲ್ಲಿ ಉಳಿಯಬೇಕು, ಎಲ್ಲಿ ಒಳ್ಳೆ ಮೀನು ಸಿಗುತ್ತೆ, ಯಾವ ಬೀಚಿನಲ್ಲಿ ಫೋಟೊ ಚೆನ್ನಾಗಿ ಬರುತ್ತೆ, ಇದನ್ನೆಲ್ಲ ಹೇಳುವವರು ಬೇಕಾದಷ್ಟು ಮಂದಿ ಇದ್ದಾರೆ. ಆಮೇಲೆ ನನ್ನ ಹೆಂಡತಿ ಹೇಳಿದಳು, "ನೀವು ರಸ್ತೆ ವಿಷಯ ಹೇಳ್ಬೇಡಿ, ಕಣ್ಣಿನ ವಿಷಯ ಹೇಳಿ. ನಾಲ್ಕು ಜನಕ್ಕೆ ಉಪಯೋಗ ಆಗುತ್ತೆ." ಹಾಗಾಗಿ ಬಂದಿದ್ದೇನೆ. ಎರಡನ್ನೂ ಹೇಳ್ತೀನಿ. ನನ್ನ ಮಟ್ಟಿಗೆ ಅವೆರಡೂ ಬೇರೆ ಬೇರೆ ಆಗಿ ಉಳಿದಿಲ್ಲ.

ನಾವು ಶಿವಮೊಗ್ಗದವರು. ನಾನು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಭೂಗೋಳ ಕಲಿಸಿ ನಿವೃತ್ತನಾದವನು. ಕಾರು ಓಡಿಸುವುದೆಂದರೆ ಮೊದಲಿಂದಲೂ ಹುಚ್ಚು. ಮನೆಗೆ ಬಂದ ಮೂರು ಕಾರನ್ನೂ ನಾನೇ ಓಡಿಸಿದ್ದು. ಹೆಂಡತಿಗೆ ಲೈಸೆನ್ಸ್ ಇತ್ತು, ಇಪ್ಪತ್ತು ವರ್ಷದ ಹಿಂದೆ ಕಲಿತಿದ್ದಳು. ಆದರೆ ಅವಳು ಗಾಡಿ ಮುಟ್ಟಿದಾಗಲೆಲ್ಲ ನಾನು ಪಕ್ಕದಲ್ಲಿ ಕೂತು "ಕ್ಲಚ್ ಸುಡ್ತಿದೀಯ, ಗೇರ್ ಇಳಿಸು, ಹಾರ್ನ್ ಹೊಡಿ" ಅಂತ ಶುರು ಮಾಡುತ್ತಿದ್ದೆ. ಒಂದು ದಿನ ನಡುರಸ್ತೆಯಲ್ಲಿ ಗಾಡಿ ನಿಲ್ಲಿಸಿ, ಕೀ ತೆಗೆದು ನನ್ನ ಕೈಗೆ ಕೊಟ್ಟು, ಈ ಕಡೆ ಬಂದು ಕೂತಳು. ಮತ್ತೆ ಆ ಸೀಟಿಗೆ ಹೋಗಲಿಲ್ಲ. ನಾನೂ ಕರೆಯಲಿಲ್ಲ. ನಿಜ ಹೇಳಬೇಕೆಂದರೆ ನನಗೆ ಅದೇ ಅನುಕೂಲವಾಗಿತ್ತು.

2024ರ ಅಕ್ಟೋಬರ್. ಸಂಜೆ ಐದು ಗಂಟೆ ಇರಬಹುದು. ನಮ್ಮ ಬಡಾವಣೆಯ ತಿರುವಿನಲ್ಲಿ ಎಡಕ್ಕೆ ತಿರುಗಿಸುತ್ತಿದ್ದೆ. ಇವಳು ಒಮ್ಮೆಲೇ ಕಿರುಚಿದಳು. ಬ್ರೇಕ್ ಹಾಕಿದೆ. ಬಾನೆಟ್ಟಿನಿಂದ ಒಂದು ಗೇಣು ದೂರದಲ್ಲಿ ಶಾಲೆಯ ಹುಡುಗಿ, ಸೈಕಲ್ ಮೇಲೆ. ನನಗೆ ಗಾಬರಿಗಿಂತ ಸಿಟ್ಟೇ ಮೊದಲು ಬಂತು. ಗಾಜು ಇಳಿಸಿ, "ಎಲ್ಲಿಂದ ಬಂದೆ ನೀನು?" ಅಂತ ಗದರಿಸಿದೆ. ಮಗು ಹೆದರಿ ಸೈಕಲ್ ತಳ್ಳಿಕೊಂಡು ಹೋಯಿತು. ಹೆಂಡತಿ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು, "ಅವಳು ಅಷ್ಟು ಹೊತ್ತಿಂದ ಅಲ್ಲೇ ಬರ್ತಾ ಇದ್ಲು ರೀ."

ಆ ರಾತ್ರಿ ನಿದ್ದೆ ಬರಲಿಲ್ಲ. ಕಳೆದ ಒಂದು ವರ್ಷದಲ್ಲಿ ಗೇಟಿಗೆ ಎರಡು ಸಲ ಕಾರು ತಾಗಿಸಿದ್ದು, ಮದುವೆ ಮನೆಯಲ್ಲಿ ಪಕ್ಕದವರ ಲೋಟ ಉರುಳಿಸಿದ್ದು, ಮೆಟ್ಟಿಲು ಇಳಿಯುವಾಗ ಕೊನೆಯ ಮೆಟ್ಟಿಲು ತಪ್ಪಿದ್ದು, ಎಲ್ಲ ಸಾಲಾಗಿ ನೆನಪಾಯಿತು. ಬೆಳಗ್ಗೆ ಒಬ್ಬನೇ ಕಣ್ಣಿನ ಡಾಕ್ಟರ ಹತ್ತಿರ ಹೋದೆ.

ಅಲ್ಲಿ ಒಂದು ಪರೀಕ್ಷೆ ಮಾಡುತ್ತಾರೆ. ದೊಡ್ಡ ಬೋಗುಣಿಯಂಥ ಯಂತ್ರದೊಳಗೆ ಮುಖ ಇಟ್ಟು ನಡುವಿನ ಚುಕ್ಕೆಯನ್ನೇ ನೋಡುತ್ತಿರಬೇಕು. ಸುತ್ತಲೂ ಅಲ್ಲಲ್ಲಿ ಸಣ್ಣ ಬೆಳಕು ಮಿನುಗುತ್ತದೆ. ಕಂಡಾಗಲೆಲ್ಲ ಕೈಯಲ್ಲಿರುವ ಗುಂಡಿ ಒತ್ತಬೇಕು. ನಾನು ಕಂಡಾಗಲೆಲ್ಲ ಒತ್ತಿದೆ, ಚೆನ್ನಾಗಿಯೇ ಮಾಡಿದೆ ಅಂದುಕೊಂಡೆ. ಕಾಗದ ಅಚ್ಚಾಗಿ ಬಂದಾಗ ನೋಡಿದರೆ ಎಡಗಣ್ಣಿನ ಚಿತ್ರದಲ್ಲಿ ಅಂಚಿನ ಸುತ್ತ ಮಸಿ ಬಳಿದ ಹಾಗಿತ್ತು. ಬಲಗಣ್ಣಿನದು ಅದಕ್ಕಿಂತ ವಾಸಿ. ಡಾಕ್ಟರು ಹೇಳಿದರು, ಗ್ಲಾಕೋಮಾ. ಕಣ್ಣಿನ ಒಳಗಿನ ಒತ್ತಡ ಹೆಚ್ಚಾಗಿ, ಕಣ್ಣಿನಿಂದ ಮೆದುಳಿಗೆ ಹೋಗುವ ನರ ನಿಧಾನಕ್ಕೆ ಹಾಳಾಗುತ್ತಿದೆ. ಹೋದ ದೃಷ್ಟಿ ವಾಪಸ್ ಬರುವುದಿಲ್ಲ. ಇದ್ದದ್ದನ್ನು ಉಳಿಸಿಕೊಳ್ಳಬಹುದು. ದಿನವೂ ತಪ್ಪದೆ ಔಷಧದ ಹನಿ ಹಾಕಬೇಕು. ಮತ್ತೆ, ಇನ್ನು ಮೇಲೆ ವಾಹನ ಓಡಿಸಬೇಡಿ.

ನಾನು ಕೇಳಿದೆ, "ಡಾಕ್ಟ್ರೇ, ನನಗೆ ಎಲ್ಲೂ ಕಪ್ಪಾಗಿ ಕಾಣ್ತಾ ಇಲ್ವಲ್ಲ?" ಅವರ ಉತ್ತರ ನನಗೆ ಇವತ್ತಿಗೂ ನೆನಪಿದೆ. ಕಾಣದ ಜಾಗವನ್ನು ಮೆದುಳು ತಾನೇ ತುಂಬಿಕೊಳ್ಳುತ್ತದೆ, ಹಾಗಾಗಿ ಕಾಣುತ್ತಿಲ್ಲ ಎನ್ನುವುದೇ ಗೊತ್ತಾಗುವುದಿಲ್ಲ ಎಂದರು. ಆ ಹುಡುಗಿ ಬರುತ್ತಿದ್ದ ಜಾಗದಲ್ಲಿ ನನ್ನ ಮೆದುಳು ಖಾಲಿ ರಸ್ತೆ ತೋರಿಸಿತ್ತು.

ಇದನ್ನು ಮನೆಯಲ್ಲಿ ಹೇಳಲು ನನಗೆ ಎರಡು ವಾರ ಬೇಕಾಯಿತು. ಹನಿ ಔಷಧವನ್ನು ಫ್ರಿಜ್ಜಿನಲ್ಲಿ ಇಡಬೇಕಿತ್ತು, ತೊಂಡೆಕಾಯಿಯ ಹಿಂದೆ ಬಚ್ಚಿಟ್ಟಿದ್ದೆ. ಅವಳ ಕೈಗೆ ಸಿಕ್ಕಿತು. ಜಗಳ ಆಗಲಿಲ್ಲ. ಮರುದಿನದಿಂದ ಬೆಳಗಿನ ಜಾವ ಐದೂವರೆಗೆ ಅವಳು ವಾಕಿಂಗಿಗೆ ಹೋಗತೊಡಗಿದಳು. ಒಂದು ತಿಂಗಳಾದ ಮೇಲೆ ಗೊತ್ತಾಯಿತು, ವಾಕಿಂಗ್ ಅಲ್ಲ, ಪಕ್ಕದ ಮನೆಯಾಕೆಯ ಜೊತೆ ಖಾಲಿ ರಸ್ತೆಯಲ್ಲಿ ಕಾರು ಓಡಿಸುವುದನ್ನು ಮತ್ತೆ ಕಲಿಯುತ್ತಿದ್ದಳು. ಡಿಸೆಂಬರ್ ಕೊನೆಗೆ ಹೇಳಿದಳು, "ಸಂಕ್ರಾಂತಿ ಕಳೀಲಿ, ಸಮುದ್ರ ನೋಡ್ಕೊಂಡು ಬರೋಣ. ಉಡುಪಿಯಿಂದ ಕಾರವಾರದವರೆಗೆ. ನಾನೇ ಓಡಿಸ್ತೀನಿ. ಒಂದೇ ಷರತ್ತು. ನಾನು ಕೇಳಿದರೆ ಮಾತ್ರ ನೀವು ಮಾತಾಡ್ಬೇಕು."

ಹೊರಟೆವು.

ಆಗುಂಬೆ ಘಾಟಿ ಬಲ್ಲವರಿಗೆ ಗೊತ್ತು, ಹದಿನಾಲ್ಕು ಹೇರ್‌ಪಿನ್ ತಿರುವು. ನಾನು ನೂರು ಸಲ ಇಳಿದ ರಸ್ತೆ. ಅವತ್ತು ಎಡಗಡೆ ಸೀಟಿನಲ್ಲಿ ಕೂತು, ಬಲಗಾಲಲ್ಲಿ ಇಲ್ಲದ ಬ್ರೇಕನ್ನು ಒತ್ತಿ ಒತ್ತಿ ಮೀನಖಂಡ ಹಿಡಿದುಕೊಂಡಿತು. ಮೂರನೇ ತಿರುವಿನಲ್ಲಿ ಬಾಯಿ ತೆಗೆದೆ. ಅವಳು ನನ್ನ ಕಡೆ ನೋಡದೆ, "ಕೇಳಿದ್ನಾ?" ಅಂದಳು. ಅಷ್ಟೇ. ಕೆಳಗೆ ಸೋಮೇಶ್ವರ ತಲುಪಿದಾಗ ಗಾಡಿ ನಿಲ್ಲಿಸಿ ನೀರು ಕುಡಿದಳು. ಅವಳ ಕೈ ನಡುಗುತ್ತಿತ್ತು. ನಾನು ಅದನ್ನು ನೋಡಿದೆ ಅಂತ ಅವಳಿಗೆ ಗೊತ್ತಾಯಿತು. ಇಬ್ಬರೂ ಮಾತಾಡಲಿಲ್ಲ.

ಘಟ್ಟ ಇಳಿದ ಕೂಡಲೇ ಸ್ವೆಟರ್ ತೆಗೆದೆವು. ಶಿವಮೊಗ್ಗದಲ್ಲಿ ಬೆಳಗ್ಗೆ 15 ಡಿಗ್ರಿ ಆಸುಪಾಸು ಇದ್ದದ್ದು, ಇಲ್ಲಿ ಫ್ಯಾನ್ ಬೇಕು ಅನ್ನಿಸುವ ಬಿಸಿಲು. ಮೇಷ್ಟರ ಚಟ, ಇದೊಂದನ್ನು ಹೇಳಿಬಿಡ್ತೀನಿ. ಜನವರಿಯಲ್ಲಿ ಕೆಲವು ದಿನ ಇಡೀ ದೇಶದಲ್ಲೇ ಅತಿ ಹೆಚ್ಚು ಬಿಸಿಲು ಹೊನ್ನಾವರದಲ್ಲೋ ಕಾರವಾರದಲ್ಲೋ ದಾಖಲಾಯಿತು ಅಂತ ಪತ್ರಿಕೆಯಲ್ಲಿ ಓದಿರುತ್ತೀರಿ. ಚಳಿಗಾಲದಲ್ಲಿ ಹೇಗಪ್ಪಾ ಅಂತ ಆಶ್ಚರ್ಯ ಆಗುತ್ತದೆ. ಈ ಕಾಲದಲ್ಲಿ ಗಾಳಿ ಪೂರ್ವದಿಂದ, ಅಂದರೆ ಬಯಲುಸೀಮೆಯಿಂದ ಕಡಲಿನ ಕಡೆಗೆ ಬೀಸುತ್ತದೆ. ಅದು ಸಹ್ಯಾದ್ರಿಯ ಅಂಚಿನಿಂದ ಕೆಳಗೆ ಇಳಿಯುವಾಗ ಒತ್ತಡಕ್ಕೆ ಸಿಕ್ಕಿ ಬಿಸಿಯಾಗುತ್ತದೆ, 100 ಮೀಟರಿಗೆ ಸುಮಾರು 1 ಡಿಗ್ರಿ. 600 ಮೀಟರ್ ಇಳಿದರೆ 6 ಡಿಗ್ರಿ. ಈ ಗಾಳಿ ಜೋರಾಗಿದ್ದಷ್ಟು ಹೊತ್ತು ಕಡಲಿನ ತಂಪು ಗಾಳಿ ದಡಕ್ಕೆ ಬರಲು ಆಗುವುದಿಲ್ಲ. ಮಧ್ಯಾಹ್ನದವರೆಗೂ ಬಿಸಿಲು ಏರುತ್ತಲೇ ಹೋಗುತ್ತದೆ. ಆಮೇಲೆ ಕಡಲ ಗಾಳಿ ಶುರುವಾಗಿ ಅರ್ಧ ಗಂಟೆಯಲ್ಲಿ ಮೈ ತಣ್ಣಗಾಗುತ್ತದೆ. ಕರಾವಳಿಯ ಚಳಿಗಾಲ ಅಂದರೆ ಇದು.

ಮೊದಲ ರಾತ್ರಿ ಉಡುಪಿ. ಮರುದಿನ ಬೆಳಗ್ಗೆ ಮಲ್ಪೆಯಿಂದ ದೋಣಿಯಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋದೆವು. ಮೂವತ್ತು ವರ್ಷ ಮಕ್ಕಳಿಗೆ ಬೋರ್ಡಿನ ಮೇಲೆ ಚಿತ್ರ ಬರೆದು ತೋರಿಸಿದ ಕಲ್ಲುಗಳವು. ಪೆನ್ಸಿಲ್ ಕಟ್ಟು ನಿಲ್ಲಿಸಿದ ಹಾಗೆ ಐದು ಮೂಲೆ, ಆರು ಮೂಲೆಯ ಕಂಬಗಳು. ಲಾವಾ ತಣ್ಣಗಾಗುತ್ತ ಕುಗ್ಗಿ ಬಿರುಕು ಬಿಟ್ಟು ಹಾಗಾದವು. ಸುಮಾರು 8.8 ಕೋಟಿ ವರ್ಷ ಹಳೆಯವು. ಆಗ ಮಡಗಾಸ್ಕರ್ ಮತ್ತು ನಮ್ಮ ನೆಲ ಒಂದರಿಂದೊಂದು ಬೇರೆಯಾಗುತ್ತಿದ್ದವು. ಅಂಥ ಜಾಗಕ್ಕೆ ಹೋಗಿ ನನಗೆ ಕಲ್ಲು ನೋಡುವುದಕ್ಕಿಂತ ಕಾಲು ಎಲ್ಲಿಡಬೇಕು ಎನ್ನುವುದೇ ದೊಡ್ಡ ಕೆಲಸವಾಯಿತು. ಎದುರಿಗಿದ್ದದ್ದು ಸ್ಪಷ್ಟವಾಗಿ ಕಾಣುತ್ತಿತ್ತು, ಕಾಲ ಬುಡದ್ದು ಕಾಣುತ್ತಿರಲಿಲ್ಲ. ತಲೆ ಬಗ್ಗಿಸಿ, ನಿಂತು, ನೋಡಿ, ಹೆಜ್ಜೆ ಇಡಬೇಕು. ಹೆಂಡತಿ ಮುಂದೆ ನಡೆದು "ಇಲ್ಲೊಂದು ಗುಂಡಿ, ಇಲ್ಲಿ ಪಾಚಿ" ಅಂತ ಹೇಳುತ್ತ ಹೋದಳು. ದೋಣಿಯಲ್ಲಿದ್ದ ಹುಡುಗನೊಬ್ಬ "ಅಜ್ಜ, ಕೈ ಕೊಡಿ" ಅಂದ. ನನಗೆ ಅರವತ್ತೊಂದು. ಅಜ್ಜ ಅನ್ನಿಸಿಕೊಂಡಿದ್ದು ಅದೇ ಮೊದಲು. ಕೈ ಕೊಟ್ಟೆ.

ಅವತ್ತು ಕುಂದಾಪುರದಲ್ಲಿ ಉಳಿದೆವು. ಊಟ ಮುಗಿಸಿ ಹೊರಗೆ ಬಂದಾಗ ಎಲ್ಲಿಂದಲೋ ಚಂಡೆಯ ಸದ್ದು. ನವೆಂಬರಿನಿಂದ ಮೇ ತಿಂಗಳ ಪತ್ತನಾಜೆಯವರೆಗೆ ಯಕ್ಷಗಾನ ಮೇಳಗಳ ತಿರುಗಾಟ ನಡೆಯುತ್ತದೆ, ಈ ಕಡೆ ರಾತ್ರಿ ಹೊತ್ತು ಚಂಡೆ ಕೇಳದ ದಿನ ಕಡಿಮೆ. ಆಟೋದವರನ್ನು ಕೇಳಿದರೆ, "ಹರಕೆ ಆಟ ಮಾರಾಯ್ರೆ, ಬನ್ನಿ ಬಿಡ್ತೆ" ಅಂದರು. ಕೊಯ್ಲಾದ ಗದ್ದೆಯಲ್ಲಿ ರಂಗಸ್ಥಳ. ಎರಡು ಗಂಟೆ ಕಾಲ ನನಗೆ ಯಾವ ರೋಗವೂ ಇರಲಿಲ್ಲ. ಯಾಕೆಂದರೆ ರಂಗಸ್ಥಳ ಸೀದಾ ಎದುರಿಗೆ ಇತ್ತು, ಬೆಳಕೂ ಅಲ್ಲೇ ಇತ್ತು. ವೇಷದ ಮುಖದ ಬಣ್ಣ, ಕೇದಗೆ ಮುಂದಲೆಯ ಒಂದೊಂದು ಪಟ್ಟಿ, ಎಲ್ಲ ಕಂಡಿತು. ಎದ್ದು ಬರುವಾಗ ಗದ್ದೆಯ ಅಂಚು ಕಾಣದೆ ಮುಗ್ಗರಿಸಿ ಬಿದ್ದೆ. ಮೊಣಕಾಲು ತರಚಿತು. ಈ ಕಾಯಿಲೆಯವರಿಗೆ ಮಬ್ಬು ಬೆಳಕಿನಲ್ಲಿ ತೊಂದರೆ ಹೆಚ್ಚು. ಗೊತ್ತಿದ್ದೂ ಟಾರ್ಚ್ ತಂದಿರಲಿಲ್ಲ. ಅವತ್ತಿನಿಂದ ಜೇಬಿನಲ್ಲಿ ಒಂದು ಟಾರ್ಚ್ ಇಟ್ಟುಕೊಳ್ಳುತ್ತೇನೆ.

ಮೂರನೇ ದಿನ ಬೆಳಗ್ಗೆ ಮರವಂತೆ.

ಮರವಂತೆ ನೋಡದವರಿಗೆ ಹೇಳುತ್ತೇನೆ. ಕೊಲ್ಲೂರಿನ ಕಡೆಯಿಂದ ಬರುವ ಸೌಪರ್ಣಿಕಾ ನದಿ ಇಲ್ಲಿ ಕಡಲಿಗೆ ಇನ್ನೇನು ಸೇರಿಯೇಬಿಟ್ಟಿತು ಅನ್ನುವಷ್ಟು ಹತ್ತಿರ ಬರುತ್ತದೆ. ಆದರೆ ಸೇರುವುದಿಲ್ಲ. ತಿರುಗಿ ದಕ್ಷಿಣಕ್ಕೆ ಹರಿದು, ಬೇರೆ ನದಿಗಳ ಜೊತೆ ಸೇರಿ ಗಂಗೊಳ್ಳಿಯಲ್ಲಿ ಸಮುದ್ರ ಸೇರುತ್ತದೆ. ಆ ಎರಡು ನೀರಿನ ನಡುವಿನ ಕಿರಿದಾದ ಪಟ್ಟಿಯ ಮೇಲೆ ಹೆದ್ದಾರಿ 66 ಹೋಗುತ್ತದೆ. ಉತ್ತರಕ್ಕೆ ಹೋಗುವಾಗ ಎಡಕ್ಕೆ ಅರಬ್ಬಿ ಸಮುದ್ರ, ಬಲಕ್ಕೆ ಸೌಪರ್ಣಿಕಾ, ಅದರಾಚೆ ತೆಂಗಿನ ತೋಟ, ಅದಕ್ಕೂ ಹಿಂದೆ ಕೊಡಚಾದ್ರಿಯ ಸಾಲು. ನಾನು ಈ ರಸ್ತೆಯಲ್ಲಿ ಎಷ್ಟೋ ಸಲ ಗಾಡಿ ಓಡಿಸಿದ್ದೆ. ಆಗೆಲ್ಲ ರಸ್ತೆ ನೋಡುತ್ತಿದ್ದರೂ ಎರಡು ಕಡೆಯ ನೀಲಿ ಒಟ್ಟಿಗೆ ಕಣ್ಣಿಗೆ ಬೀಳುತ್ತಿತ್ತು. ಅದೇ ಅಲ್ಲಿಯ ಚಂದ.

ಹೆಂಡತಿ ನಿಧಾನ ಮಾಡಿ ಕೇಳಿದಳು, "ಕಾಣ್ತಾ ಇದ್ಯಾ?"

ನನಗೆ ಕಾಣುತ್ತಿದ್ದದ್ದು ಡಾಂಬರು. ಎದುರಿನ ಲಾರಿ. ನಡುವಿನ ಬಿಳಿ ಗೆರೆ. ಎಡಕ್ಕೆ ತಲೆ ತಿರುಗಿಸಿದರೆ ಕಡಲು ಬಂತು, ನದಿ ಹೋಯಿತು. ಬಲಕ್ಕೆ ತಿರುಗಿಸಿದರೆ ನದಿ ಬಂತು, ಕಡಲು ಹೋಯಿತು. ಡಾಕ್ಟರು ಕೊಟ್ಟ ಆ ಕಾಗದದ ಅರ್ಥ ನನಗೆ ಪೂರ್ತಿಯಾಗಿ ಆದದ್ದು ಅಲ್ಲಿ. ಅಲ್ಲಿಯವರೆಗೆ ನನಗೆ ಬೇಸರ ಇದ್ದದ್ದು ಸ್ಟೀರಿಂಗ್ ಹೋಯಿತಲ್ಲ ಅಂತ. ಇದು ಬೇರೆ. "ಒಂದು ಸಲಕ್ಕೆ ಒಂದೇ ಕಡೆ ಕಾಣುತ್ತೆ" ಅಂದೆ. ಅವಳು ಏನೂ ಹೇಳದೆ ಸ್ವಲ್ಪ ಮುಂದೆ ಹೋಗಿ, ಜಾಗ ನೋಡಿ, ರಸ್ತೆಯ ಬದಿಗೆ ಗಾಡಿ ನಿಲ್ಲಿಸಿದಳು. ಇಳಿದು ಅಲೆತಡೆಗೆ ಹಾಕಿದ ಬಂಡೆಗಳ ಹತ್ತಿರ ಕೂತೆವು. ಅರ್ಧ ಗಂಟೆ ಕಡಲು ನೋಡಿದೆವು. ಆಮೇಲೆ ಎದ್ದು, ಕೈ ಹಿಡಿದು ರಸ್ತೆ ದಾಟಿ, ಅರ್ಧ ಗಂಟೆ ನದಿ ನೋಡಿದೆವು. ಅತ್ತದ್ದು ನಾನೊಬ್ಬನೇ ಅಲ್ಲ. ಅಷ್ಟು ಹೇಳಿದರೆ ಸಾಕು.

ಅಲ್ಲಿಂದ ಬೈಂದೂರು, ಭಟ್ಕಳ. ಗೇರು ಮರ, ಮಾವಿನ ಮರ ಹೂ ಬಿಟ್ಟಿದ್ದವು, ಗಾಜು ಇಳಿಸಿದರೆ ಕಾರಿನೊಳಗೆಲ್ಲ ಅದೇ ವಾಸನೆ. ಭತ್ತ ಕೊಯ್ದ ಮರಳು ಗದ್ದೆಗಳಲ್ಲಿ ನೆಲಗಡಲೆ ಹಸುರಾಗಿತ್ತು. ಮುರುಡೇಶ್ವರದಲ್ಲಿ ಜನವೋ ಜನ. ಇಪ್ಪತ್ತು ಅಂತಸ್ತಿನ ಗೋಪುರ, 123 ಅಡಿಯ ಶಿವ, ಅವು ನನಗೂ ಕಾಣುತ್ತವೆ ಅಂತ ತಮಾಷೆ ಮಾಡಿಕೊಂಡು ಮುಂದೆ ಹೊರಟೆವು.

ಹೊನ್ನಾವರ ತಲುಪಿದಾಗ ನಡು ಮಧ್ಯಾಹ್ನ. ಶರಾವತಿ ಸೇತುವೆಯ ಮೇಲೆ ನಿಂತ ಗಾಳಿ. ಮೇಲ್ದಿಕ್ಕಿಗೆ ಕೊಂಕಣ ರೈಲ್ವೆಯ ಸೇತುವೆ, 2 ಕಿಲೋಮೀಟರಿಗೂ ಉದ್ದ, ಆ ಮಾರ್ಗದಲ್ಲೇ ಅತಿ ಉದ್ದದ್ದು. ಬಿಸಿಲು 35 ಡಿಗ್ರಿ ಇದ್ದಿರಬೇಕು. ಕಾರನ್ನು ಬಿಸಿಲಲ್ಲೇ ನಿಲ್ಲಿಸಿ ಒಂದು ಗಂಟೆ ಊಟಕ್ಕೆ ಕೂತೆವು. ಬಂಗುಡೆ ಹುರಿದದ್ದು, ಸೋಲ್ ಕಡಿ. ವಾಪಸ್ ಬಂದು ಬಾಗಿಲು ತೆಗೆದಾಗ ಅವಳು ತಲೆ ಮೇಲೆ ಕೈ ಇಟ್ಟುಕೊಂಡಳು. ನನ್ನ ಹನಿ ಔಷಧ ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲಿತ್ತು. ಅಲ್ಲಿ ಇಟ್ಟವನು ನಾನೇ. ಬಾಟಲಿ ಮುಟ್ಟಿದರೆ ಕಾಫಿ ಲೋಟದ ಹಾಗೆ ಬಿಸಿ. ಈ ಔಷಧ ಅಷ್ಟು ಬಿಸಿ ತಡೆಯುವುದಿಲ್ಲ, ಕೆಟ್ಟರೆ ನೋಡಿದರೆ ಗೊತ್ತೂ ಆಗುವುದಿಲ್ಲ. ರಾತ್ರಿ ಒಂಬತ್ತಕ್ಕೆ ಹಾಕಲೇಬೇಕು.

ಕುಮಟಾದಲ್ಲಿ ಎರಡು ಮೆಡಿಕಲ್ ಅಂಗಡಿ ತಿರುಗಿದೆವು, ಸಿಗಲಿಲ್ಲ. ಮೂರನೆಯದರಲ್ಲಿ ಸಿಕ್ಕಿತು. ಡಾಕ್ಟರ ಚೀಟಿಯ ಫೋಟೊ ಅವಳ ಫೋನಿನಲ್ಲಿ ಇತ್ತು, ಹಾಗಾಗಿ ಕೊಟ್ಟರು. ಅಂಗಡಿಯವರು ಹೇಳಿದರು, "ನಮ್ಮ ಆಯಿಗೂ ಇದೇ." ಆಮೇಲೆ ಒಂದು ವಿಷಯ ಹೇಳಿಕೊಟ್ಟರು, ನನಗೆ ಅದು ಗೊತ್ತೇ ಇರಲಿಲ್ಲ. ಹನಿ ಹಾಕಿದ ಮೇಲೆ ಕಣ್ಣು ಮಿಟುಕಿಸಬಾರದು. ಮೆಲ್ಲಗೆ ಮುಚ್ಚಿ, ಮೂಗಿನ ಪಕ್ಕ ಕಣ್ಣಿನ ಒಳಮೂಲೆಯನ್ನು ಬೆರಳಲ್ಲಿ ಒಂದೆರಡು ನಿಮಿಷ ಒತ್ತಿ ಹಿಡಿಯಬೇಕು. ಇಲ್ಲದಿದ್ದರೆ ಔಷಧ ಮೂಗಿನೊಳಗೆ ಇಳಿದುಹೋಗುತ್ತದೆ. ಎರಡು ಥರದ ಹನಿ ಇದ್ದರೆ ನಡುವೆ ಐದು ನಿಮಿಷ ಬಿಡಬೇಕು. ಮೂರು ತಿಂಗಳಿಂದ ನಾನು ಹನಿ ಹಾಕಿ, ಕಣ್ಣು ಪಿಳಿ ಪಿಳಿ ಮಾಡಿ, ಕರವಸ್ತ್ರದಲ್ಲಿ ಒರೆಸಿಕೊಳ್ಳುತ್ತಿದ್ದೆ. ಅವರು ಒಂದು ಸ್ಟೀಲ್ ಡಬ್ಬಿಯಲ್ಲಿ ತಣ್ಣೀರ ಬಾಟಲಿಯ ಜೊತೆ ಔಷಧ ಇಟ್ಟುಕೊಟ್ಟರು. ಡಬ್ಬಿಗೆ ದುಡ್ಡು ತೆಗೆದುಕೊಳ್ಳಲಿಲ್ಲ.

ಸಂಜೆ ಮಿರ್ಜಾನ್ ಕೋಟೆ. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಹೆಸರಿನ ಜೊತೆ ಹೇಳುವ ಕೋಟೆ. ಪೋರ್ಚುಗೀಸರು ಅವಳನ್ನು ಕಾಳುಮೆಣಸಿನ ರಾಣಿ ಅಂತ ಕರೆದಿದ್ದರು. ಕೆಂಪು ಕಲ್ಲಿನ ಗೋಡೆಯ ಮೇಲೆ ಇಳಿಬಿಸಿಲು. ಹತ್ತಿರದಲ್ಲೇ ಅಘನಾಶಿನಿ, ಅಣೆಕಟ್ಟು ಇಲ್ಲದೆ ಹರಿಯುವ ನದಿ. ಅದರ ಅಳಿವೆ 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತು. ಅಲ್ಲಿಯ ಗಜನಿ ಗದ್ದೆಗಳಲ್ಲಿ ಉಪ್ಪುನೀರು ತಡೆಯುವ ಕಗ್ಗ ಭತ್ತ ಬೆಳೆಯುತ್ತಾರೆ, ಇಳಿತದ ಹೊತ್ತಿನಲ್ಲಿ ಹೆಂಗಸರು ನೀರಿಗಿಳಿದು ಬೆಳಚು ಆರಿಸುತ್ತಾರೆ. ಅವತ್ತಿನ ರಾತ್ರಿ ಗೋಕರ್ಣ. ಒಂಬತ್ತು ಗಂಟೆಗೆ ಹನಿ, ಒಳಮೂಲೆಗೆ ಬೆರಳು, ಅವಳು ಗಡಿಯಾರ ನೋಡಿ ಎರಡು ನಿಮಿಷ ಎಣಿಸಿದಳು.

ನಾಲ್ಕನೇ ದಿನ ಹೆದ್ದಾರಿಗೆ ಮರಳಿ ಅಂಕೋಲೆಯ ಕಡೆ ಹೊರಟಾಗ ಇಬ್ಬರೂ ಮಾತು ನಿಲ್ಲಿಸಿದೆವು. ಶಿರೂರು ಬಂತು. 2024ರ ಜುಲೈ 16ರ ಬೆಳಗ್ಗೆ ಗುಡ್ಡ ಹೆದ್ದಾರಿಯ ಮೇಲೆ ಕುಸಿದ ಜಾಗ. ರಸ್ತೆ ಬದಿಯಲ್ಲಿ ಚಹಾ ಅಂಗಡಿ ಇಟ್ಟುಕೊಂಡಿದ್ದ ಸಂಸಾರ, ಅಲ್ಲಿ ನಿಂತಿದ್ದ ಲಾರಿಗಳು, ಎಲ್ಲ ಗಂಗಾವಳಿ ನದಿಗೆ ಹೋದವು. ನದಿಯ ಆಚೆ ದಡದ ಉಳುವರೆಗೂ ಹೊಡೆತ ಬಿತ್ತು. ಕೇರಳದ ಒಂದು ಲಾರಿ ನದಿಯ ತಳದಿಂದ ಮೇಲೆ ಬಂದದ್ದು ಸೆಪ್ಟೆಂಬರಿನಲ್ಲಿ. ನಾವು ಚಹಾಕ್ಕೆ ಅಂತ ಎಲ್ಲಿ ಬೇಕಾದರೂ ನಿಲ್ಲಿಸುವವರು. ಅಂಥದ್ದೇ ಒಂದು ಬೆಳಗು ಅವರದ್ದೂ ಆಗಿತ್ತು. ಘಟ್ಟ ಮತ್ತು ಕಡಲು ಇಷ್ಟು ಹತ್ತಿರ ಇರುವ ಕಡೆ ರಸ್ತೆ ಅಗಲ ಮಾಡಬೇಕೆಂದರೆ ಗುಡ್ಡದ ಕಾಲನ್ನೇ ಕಡಿಯಬೇಕಾಗುತ್ತದೆ. ಕಡಿದ ಗುಡ್ಡ ಮಳೆಗಾಲದಲ್ಲಿ ಏನು ಮಾಡುತ್ತದೆ ಎನ್ನುವುದು ನಮಗೆ ಆಮೇಲೆ ತಿಳಿಯುತ್ತದೆ. ಚಳಿಗಾಲದಲ್ಲಿ ಈ ರಸ್ತೆಯಲ್ಲಿ ಸುಖವಾಗಿ ಹೋಗುವ ನಮ್ಮಂಥವರು ಅದನ್ನು ನೆನಪಿಡಬೇಕು ಅಂತ ಅನ್ನಿಸಿತು.

ಅಂಕೋಲೆ 1930ರ ಉಪ್ಪಿನ ಸತ್ಯಾಗ್ರಹದ ಊರು. ದಾಟಿ ಕಾರವಾರ ಸೇರಿದೆವು. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ರವೀಂದ್ರನಾಥ ಟ್ಯಾಗೋರರ ಅಣ್ಣ ಇಲ್ಲಿ ನ್ಯಾಯಾಧೀಶರಾಗಿದ್ದರು, ತರುಣ ಟ್ಯಾಗೋರರು ಇಲ್ಲಿ ಬಂದು ಉಳಿದಿದ್ದರು. ಕಡಲತೀರಕ್ಕೆ ಅವರದೇ ಹೆಸರು.

ಐದನೇ ದಿನ ಬೆಳಗ್ಗೆ ಆ ತೀರದಲ್ಲಿ ನಡೆಯುವಾಗ ಬಲೆ ಎಳೆಯುವವರು ಕಂಡರು. ಹಿಂದೆ ಊರಿಗೆ ಊರೇ ಸೇರಿ ಎಳೆಯುತ್ತಿದ್ದ ದೊಡ್ಡ ರಂಪಣಿ ಬಲೆ ಪರ್ಸಿನ್ ದೋಣಿಗಳು ಬಂದ ಮೇಲೆ ಹಿಂದೆ ಬಿತ್ತು. ಈಗ ಇರುವುದು ಸಣ್ಣದು, ಕೈರಂಪಣಿ. ದೋಣಿಯಲ್ಲಿ ಹೋಗಿ ಬಲೆಯನ್ನು ಅರ್ಧ ವೃತ್ತಕ್ಕೆ ಬಿಟ್ಟು ಬರುತ್ತಾರೆ. ಎರಡು ತುದಿಯ ಹಗ್ಗವನ್ನು ದಡದಲ್ಲಿ ಎರಡು ಗುಂಪು ಹಿಡಿದು ಎಳೆಯುತ್ತದೆ. ಎಳೆಯುತ್ತ ಎಳೆಯುತ್ತ ಗುಂಪುಗಳು ಹತ್ತಿರ ಬರುತ್ತವೆ. ಒಬ್ಬ ಹಿರಿಯರು, "ಬನ್ನಿ, ಕೈ ಹಚ್ಚಿ" ಅಂದರು. ಇಬ್ಬರೂ ಹಿಡಿದೆವು. ನನಗೆ ನಮ್ಮ ಹಗ್ಗ ಮಾತ್ರ ಕಾಣುತ್ತಿತ್ತು, ಆಚೆ ಗುಂಪು ಕಾಣುತ್ತಿರಲಿಲ್ಲ. "ಅವರು ಎಲ್ಲಿಗೆ ಬಂದ್ರು?" ಅಂತ ಕೇಳುತ್ತಿದ್ದೆ. ಅವಳು "ಇನ್ನೂ ದೂರ ಇದ್ದಾರೆ, ಈಗ ಬಂದ್ರು, ಇನ್ನು ಹತ್ತು ಮಾರು" ಅಂತ ಹೇಳುತ್ತಿದ್ದಳು. ಬಲೆಯಲ್ಲಿ ಹೆಚ್ಚೇನೂ ಇರಲಿಲ್ಲ, ಸಣ್ಣ ತಾರ್ಲೆ, ಒಂದಷ್ಟು ಬಂಗುಡೆ, ಎರಡು ಏಡಿ. ನಮಗೂ ಒಂದು ಹಿಡಿ ಕೊಟ್ಟರು. ಹೋಟೆಲಿನಲ್ಲಿ ಇರುವ ನಾವು ಮೀನು ತೆಗೆದುಕೊಂಡು ಏನು ಮಾಡುವುದು, ಬೀಚಿನಲ್ಲಿ ಕಸ ಗುಡಿಸುತ್ತಿದ್ದ ಒಬ್ಬ ಅಮ್ಮನಿಗೆ ಕೊಟ್ಟೆವು.

ಕಾಳಿ ನದಿಯ ಸೇತುವೆಯವರೆಗೆ ಹೋಗಿ ಬಂದೆವು. 2024ರ ಆಗಸ್ಟಿನಲ್ಲಿ ಒಂದು ರಾತ್ರಿ ಹಳೆಯ ಸೇತುವೆ ಕುಸಿದು, ಮೇಲಿದ್ದ ಲಾರಿ ನದಿಗೆ ಬಿದ್ದಿತ್ತು. ಚಾಲಕನನ್ನು ಬದುಕಿಸಿದರು. ನಾವು ಹೋದಾಗ ಹೊಸ ಸೇತುವೆಯೊಂದರ ಮೇಲೇ ಎರಡೂ ಕಡೆಯ ಗಾಡಿ ಹೋಗುತ್ತಿದ್ದವು. ಎದುರಿನಿಂದ ದೊಡ್ಡ ಟ್ರೇಲರ್ ಬಂತು. ಅವಳು ಕೇಳಿದಳು, "ರೀ, ಎಡಕ್ಕೆ ಜಾಗ ಇದೆಯಾ?" ಐದು ದಿನದಲ್ಲಿ ಅವಳು ನನ್ನನ್ನು ರಸ್ತೆಯ ಬಗ್ಗೆ ಕೇಳಿದ್ದು ಅದೇ ಮೊದಲು. ನಾನು ಪೂರ್ತಿ ತಲೆ ತಿರುಗಿಸಿ ನೋಡಿ ಹೇಳಿದೆ, "ಒಂದೂವರೆ ಅಡಿ ಇದೆ. ಬಾ."

ವಾಪಸ್ ಹೊನ್ನಾವರಕ್ಕೆ ಬಂದು, ಗೇರುಸೊಪ್ಪೆ ಘಟ್ಟ ಹತ್ತಿ, ಜೋಗದ ಕಡೆಯಿಂದ ಸಾಗರಕ್ಕೆ ಬಂದೆವು. ಘಟ್ಟದ ಕಾಡಿನಲ್ಲಿ ತಂಪು ಶುರುವಾಯಿತು. ಅಲ್ಲಿ ಎಲ್ಲೋ ನನಗೆ ನಿದ್ದೆ ಹತ್ತಿತು. ಎಚ್ಚರ ಆದಾಗ ಸಾಗರ ದಾಟಿತ್ತು. ಅವಳು ಹೇಳಿದಳು, "ಮದುವೆ ಆಗಿ ಮೂವತ್ತ್ನಾಲ್ಕು ವರ್ಷ ಆಯ್ತು, ನೀವು ಕಾರಲ್ಲಿ ನಿದ್ದೆ ಮಾಡಿದ್ದು ಇದೇ ಮೊದಲು." ಗಾಡಿ ಓಡಿಸುವವನು ನಿದ್ದೆ ಮಾಡುವ ಹಾಗಿಲ್ಲವಲ್ಲ. ಅವಳು ಅಷ್ಟು ವರ್ಷ ಪಕ್ಕದ ಸೀಟಿನಲ್ಲಿ ಹಾಯಾಗಿ ಮಲಗುತ್ತಿದ್ದಳು, ನಾನು ಅದಕ್ಕೂ ರೇಗುತ್ತಿದ್ದೆ.

ನನ್ನ ಲೈಸೆನ್ಸ್ ಅವಧಿ ಮಾರ್ಚಿನಲ್ಲಿ ಮುಗಿಯಿತು. ನವೀಕರಿಸಲಿಲ್ಲ. ಯಾರೋ ಸ್ನೇಹಿತರು, "ಎದುರಿಗಿನದು ಚೆನ್ನಾಗಿ ಕಾಣುತ್ತಲ್ಲ, ಸರ್ಟಿಫಿಕೇಟ್ ಮಾಡಿಸೋಣ ಬಿಡಿ ಮೇಷ್ಟ್ರೇ" ಅಂದರು. ನನಗೆ ಆ ಸೈಕಲ್ ಹುಡುಗಿ ನೆನಪಾದಳು. ಬೇಡ ಅಂದೆ. ಅವಳನ್ನು ಹುಡುಕಿ ಕ್ಷಮೆ ಕೇಳಬೇಕು ಅಂತ ಆಸೆ ಇದೆ, ಯಾವ ಮನೆಯ ಮಗುವೋ ಗೊತ್ತಾಗಿಲ್ಲ.

ಕೊನೆಗೆ, ಹೆಂಡತಿ ಹೇಳು ಅಂದ ಮಾತು. ನಮ್ಮಪ್ಪ ಕೊನೆಗಾಲದಲ್ಲಿ ಬಾಗಿಲ ಚೌಕಟ್ಟಿಗೆ ಹಣೆ ಹೊಡೆದುಕೊಳ್ಳುತ್ತಿದ್ದರು, ಊಟದ ತಟ್ಟೆಯ ಪಕ್ಕದ ಲೋಟ ತಡಕಾಡುತ್ತಿದ್ದರು. ವಯಸ್ಸಾಯಿತು ಅಂದುಕೊಂಡೆವು. ಯಾರೂ ಕಣ್ಣಿನ ಒತ್ತಡ ನೋಡಿಸಲಿಲ್ಲ. ಗ್ಲಾಕೋಮಾ ಮನೆತನದಲ್ಲಿ ಬರಬಹುದಾದ ಕಾಯಿಲೆ. ಈಗ ನನ್ನ ತಮ್ಮ ಪರೀಕ್ಷೆ ಮಾಡಿಸಿದ, ಅವನಿಗೂ ಶುರುವಾಗಿದೆ. ಆದರೆ ಬೇಗ ಸಿಕ್ಕಿತು, ಅವನ ಕಾಗದದಲ್ಲಿ ಮಸಿ ಇನ್ನೂ ಇಲ್ಲ. ನಲವತ್ತು ದಾಟಿದವರು, ಅದರಲ್ಲೂ ಅಪ್ಪ, ಅಮ್ಮ, ಅಣ್ಣತಮ್ಮ, ಅಕ್ಕತಂಗಿಯರಲ್ಲಿ ಯಾರಿಗಾದರೂ ಇದ್ದರೆ, ಕನ್ನಡಕದ ನಂಬರ್ ನೋಡಿಸಿಕೊಂಡು ಬರಬೇಡಿ. ಕಣ್ಣಿನ ಒತ್ತಡ ನೋಡಿ, ನರ ನೋಡಿ ಅಂತ ಬಾಯಿಬಿಟ್ಟು ಕೇಳಿ. ನೋವಿಲ್ಲ, ಕೆಂಪಾಗುವುದಿಲ್ಲ, ಓದಲು ಬರೆಯಲು ತೊಂದರೆ ಇಲ್ಲ. ಹಾಗಿದ್ದೂ ಇದು ಒಳಗೆ ಕೆಲಸ ಮಾಡುತ್ತಿರಬಹುದು.

ಕರಾವಳಿಗೆ ಹೋಗುವವರು ಸಂಕ್ರಾಂತಿಯ ನಂತರ ಹೋಗಿ, ಟೋಪಿ ತೆಗೆದುಕೊಂಡು ಹೋಗಿ. ಔಷಧವನ್ನು ಬಿಸಿಲಲ್ಲಿ ನಿಂತ ಕಾರಿನಲ್ಲಿ ಬಿಡಬೇಡಿ. ಮುಂದಿನ ಜನವರಿಗೆ ನಾವು ಮಂಗಳೂರಿನಿಂದ ದಕ್ಷಿಣಕ್ಕೆ, ಕಾಸರಗೋಡಿನ ಕಡೆ ಹೋಗಬೇಕು ಅಂತ ಇದ್ದೇವೆ. ಆ ದಾರಿಯಲ್ಲಿ ಕಡಲು ಬಲಕ್ಕೆ ಬರುತ್ತದೆ, ನನ್ನ ಒಳ್ಳೆಯ ಕಣ್ಣಿನ ಕಡೆ. ಡ್ರೈವರ್ ಆಗಲೇ ಒಪ್ಪಿದ್ದಾರೆ.